ನೋಡಲು ಬಂದವರಿಗಾಗಿ ಮಲಗಿದ ಅಕ್ಕ

ನಮ್ಮ ಕಡೆ ಯಾರಿಗಾದರೂ ಆಪರೇಷನ್ ಆಗಿದೆ ಎಂದು ಗೊತ್ತಾದ ಮೇಲೆ ನೋಡಲು ಹೋಗದೆ ಇರುವಂತಿಲ್ಲ. ಮದುವೆ ತಪ್ಪಿಸಿಕೊಂಡರೆ ಏನಾದರೂ ನೆಪ ಹೇಳಬಹುದು. ಆಸ್ಪತ್ರೆಯಿಂದ ಬಂದವರನ್ನು ನೋಡಲು ಹೋಗದಿದ್ದರೆ ಮಾತು ವರ್ಷಗಟ್ಟಲೆ ಉಳಿಯುತ್ತದೆ. ಒಂದು ಬ್ರೆಡ್ಡು, ಆರು ಮೂಸಂಬಿ, ಬಿಸ್ಕತ್ತಿನ ಪೊಟ್ಟಣ ಹಿಡಿದು ಹೋಗಬೇಕು. ಮಂಚದ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂರಬೇಕು. ಎಲ್ಲಿ ಕುಯ್ದರು, ಎಷ್ಟು ಹೊಲಿಗೆ ಬಿತ್ತು ಎಂದು ಕೇಳಬೇಕು. ತಮಗೆ ಗೊತ್ತಿರುವ ಇನ್ಯಾರದೋ ಆಪರೇಷನ್ ಕೆಟ್ಟುಹೋದ ಕತೆ ಹೇಳಬೇಕು. ಕಾಫಿ ಕುಡಿದು ಏಳಬೇಕು. ಇದರಲ್ಲಿ ರೋಗಿಯ ಪಾಲಿಗೂ ಒಂದು ಕೆಲಸವಿದೆ ಎಂದು ನನಗೆ ಅರ್ಥವಾದದ್ದು ನನ್ನ ಅಕ್ಕನ ಮಂಡಿಯಿಂದ. ರೋಗಿ ಮಲಗಿರಬೇಕು.

ಅಕ್ಕ ಚನ್ನರಾಯಪಟ್ಟಣದಲ್ಲಿ ರವಿಕೆ ಹೊಲಿಯುತ್ತಾಳೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ನಾನು ಎರಡು ಬೀದಿ ಆಚೆ ಇದ್ದೇನೆ, ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ನಾನು ಬಿ.ಎಸ್ಸಿ. ಓದುವಾಗಲೂ ಅಕ್ಕ ಇದೇ ಮಷಿನ್ ತುಳಿಯುತ್ತಿದ್ದಳು. ಈಗ ಅವಳಿಗೆ ಅರವತ್ತು ದಾಟಿದೆ. ಬಲಗಾಲಿನಲ್ಲೇ ತುಳಿಯುವ ಅಭ್ಯಾಸ. ಮೋಟಾರ್ ಹಾಕಿಸಿಕೋ ಎಂದು ಎಷ್ಟು ಹೇಳಿದರೂ, "ಮೋಟಾರು ನನ್ ಮಾತ್ ಕೇಳಲ್ಲ, ಅದು ಓದಂಗೆ ನಾನು ಓಗ್ಬೇಕು" ಎನ್ನುತ್ತಿದ್ದಳು. ಬಲಮಂಡಿಯ ಒಳಮಗ್ಗುಲಲ್ಲಿ ನೋವು ಶುರುವಾಗಿ ಐದಾರು ವರ್ಷವಾಗಿತ್ತು. ಮೊದಲು ಮೆಟ್ಟಿಲು ಇಳಿಯುವಾಗ, ಆಮೇಲೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ, ಕೊನೆಗೆ ಸುಮ್ಮನೆ ಕೂತಾಗಲೂ.

ಹಾಸನದ ಡಾಕ್ಟರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. "ನೋಡಿ ಅಮ್ಮ, ನಿಮ್ಮ ಮಂಡಿಯ ಒಳಭಾಗ ಮಾತ್ರ ಸವೆದಿದೆ. ಹೊರಭಾಗ ಚೆನ್ನಾಗಿದೆ, ಚಿಪ್ಪಿನ ಹಿಂದೆಯೂ ಚೆನ್ನಾಗಿದೆ. ಪೂರ್ತಿ ಮಂಡಿ ಬದಲಾಯಿಸೋದು ಬೇಡ. ಸವೆದಷ್ಟನ್ನೇ ತೆಗೆದು ಅಲ್ಲಿಗೆ ಹೊಸದು ಕೂರಿಸೋಣ."

"ಅಂದ್ರೆ ತೇಪೆ ಆಕ್ತೀರಾ, ಸಾ?" ಎಂದಳು ಅಕ್ಕ.

ಡಾಕ್ಟರು ನಕ್ಕರು. "ತೇಪೆ ಅಂತಲೇ ಇಟ್ಕೊಳ್ಳಿ."

"ತೇಪೆ ನಿಲ್ಬೇಕಾದ್ರೆ ಸುತ್ತಲ ಬಟ್ಟೆ ಗಟ್ಟಿ ಇರ್ಬೇಕು ಸಾ. ಅದು ಎಂಗದೆ ನೋಡುದ್ರಾ?"

ಡಾಕ್ಟರು ಎಕ್ಸ್-ರೇ ಕೆಳಗಿಟ್ಟು ಕುರ್ಚಿ ಎಳೆದುಕೊಂಡು ಕೂತರು. ಅಲ್ಲಿಯವರೆಗೆ ನಿಂತೇ ಮಾತಾಡುತ್ತಿದ್ದರು. ಒಳಗೆ ಮೂಳೆಗಳನ್ನು ಹಿಡಿದಿಡುವ ಕಟ್ಟುನರಗಳೆಲ್ಲ ಗಟ್ಟಿಯಾಗಿವೆ, ಅವನ್ನು ಮುಟ್ಟುವುದಿಲ್ಲ, ಹಾಗಾಗಿ ಮಂಡಿ ನಿಮ್ಮದೇ ಮಂಡಿಯಂತೆ ಮಡಚುತ್ತದೆ ಎಂದರು. ಗಾಯ ಚಿಕ್ಕದು, ಮೂರು ದಿನಕ್ಕೆ ಮನೆಗೆ. ಆದರೆ ಮುಂದೆ ಎಂದಾದರೂ ಆ ಹೊರಭಾಗವೂ ಸವೆದರೆ ಆಗ ಪೂರ್ತಿ ಬದಲಾಯಿಸಬೇಕಾಗಬಹುದು. ಕೆಲವರಿಗೆ ಸ್ವಲ್ಪ ನೋವು ಉಳಿಯುತ್ತದೆ. ಅಪರೂಪಕ್ಕೆ ಕೀವಾಗಬಹುದು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಅದಕ್ಕೆ ಮಾತ್ರೆ ಕೊಡುತ್ತೇವೆ, ಬೇಗ ಎದ್ದು ಓಡಾಡಿಸುತ್ತೇವೆ. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ಭಾವ ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದರು. ಅವರು ಸರ್ಕಾರಿ ಬಸ್ಸಿನ ಡ್ರೈವರಾಗಿ ನಿವೃತ್ತರಾದವರು. "ಪಾರ್ಟ್ ಸವೆದ್ರೆ ಪಾರ್ಟ್ ಆಕ್ಬೇಕು, ಇಂಜಿನ್ ಇಳ್ಸೋದ್ಯಾಕೆ" ಎಂದು ಒಪ್ಪಿಗೆ ಕೊಟ್ಟರು.

ಆಪರೇಷನ್ ಚೆನ್ನಾಗಿಯೇ ಆಯಿತು. ಮರುದಿನವೇ ವಾಕರ್ ಕೊಟ್ಟು ನಿಲ್ಲಿಸಿದರು. ವ್ಯಾಯಾಮ ಹೇಳಿಕೊಡಲು ಬಂದ ಹುಡುಗಿಗೆ ಅಕ್ಕ ಟೈಲರ್ ಎಂದು ಗೊತ್ತಾಗಿ, "ಅಮ್ಮ, ಮಲಗಿದ್ದಾಗಲೂ ಮಷಿನ್ ತುಳಿದಂಗೆ ಪಾದ ಆಡಿಸ್ತಾ ಇರಿ. ಗಂಟೆಗೊಂದ್ಸಲ ಎದ್ದು ಮನೆಯೊಳಗೇ ನಡೀರಿ" ಎಂದಳು. ಮೂರನೆಯ ದಿನ ಮನೆಗೆ ಬಂದೆವು. ಬೇಸಿಗೆ ರಜೆ, ನನಗೆ ಶಾಲೆಯಿರಲಿಲ್ಲ. ಅಕ್ಕನ ಮನೆಯಲ್ಲೇ ಉಳಿದೆ. ಮೊದಲೆರಡು ದಿನ ಅಕ್ಕ ಆ ಹುಡುಗಿ ಹೇಳಿದಂತೆಯೇ ನಡೆದಳು. ಹಜಾರದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಮಷಿನ್ ಕೋಣೆಗೆ. ಮಷಿನ್ನಿನ ಮೇಲೆ ಕೈಯಾಡಿಸಿ ವಾಪಸ್ಸು.

ಎರಡನೆಯ ದಿನ ಸಂಜೆ ನಮ್ಮ ಸೋದರತ್ತೆ ಬಂದರು. ಅವರದು ಹೊಳೆನರಸೀಪುರದ ಹತ್ತಿರದ ಹಳ್ಳಿ. ಬಾಗಿಲು ತೆಗೆದದ್ದೇ ಅಕ್ಕ, ವಾಕರ್ ಹಿಡಿದುಕೊಂಡು. ಅತ್ತೆ ಹೊಸಿಲಲ್ಲೇ ನಿಂತು ಅವಳನ್ನು ಮೇಲಿಂದ ಕೆಳಕ್ಕೆ ನೋಡಿದರು.

"ಅಯ್ಯೋ! ಮಲಗ್ಬುಟ್ಟಿರ್ತಾಳೆ ಅಂತ ನಾನು ಎರಡು ಬಸ್ ಅತ್ತಿ ಇಳ್ದು ಬಂದ್ರೆ, ಇವ್ಳು ಪೆರೇಡ್ ಮಾಡ್ತಾವ್ಳೆ!"

"ನಡೀಬೇಕಂತೆ ಅತ್ತೆ. ಪೂರ್ತಿ ಮಂಡಿ ಅಲ್ಲ, ಅರ್ಧ ಮಾತ್ರ ಬದಲಾಯಿಸಿರೋದು" ಎಂದೆ ನಾನು.

"ಅರ್ಧನಾ? ಮದ್ಲೇ ಯೋಳಾದಲ್ವಾ ಕಣವ್ವ, ಅರ್ಧ ಬ್ರೆಡ್ಡೇ ತತ್ತಿದ್ದೆ."

ಎಲ್ಲರೂ ನಕ್ಕೆವು, ಅಕ್ಕನೂ ನಕ್ಕಳು. ಆದರೆ ಅತ್ತೆಗೆ ಊರೆಲ್ಲ ಬಂಧುಗಳು, ಕೈಯಲ್ಲಿ ಫೋನು. ಮರುದಿನ ಬೆಳಿಗ್ಗೆ ಅರಕಲಗೂಡಿನಿಂದ ಯಾರೋ ಭಾವನಿಗೆ ಫೋನ್ ಮಾಡಿ, "ಏನೂ ಇಲ್ವಂತಲ್ಲ, ಚರ್ಮ ಕುಯ್ದು ಒಲ್ದವ್ರಂತೆ ಅಷ್ಟೇ" ಎಂದು ಕೇಳಿದರು. ಫೋನು ಸ್ಪೀಕರಿನಲ್ಲಿತ್ತು. ಅಕ್ಕ ತಿನ್ನುತ್ತಿದ್ದ ಇಡ್ಲಿಯನ್ನು ತಟ್ಟೆಯಲ್ಲಿ ಬಿಟ್ಟಳು.

"ಐದು ವರ್ಷ ಅಲ್ಲು ಕಚ್ಕಂಡು ಮಷಿನ್ ತುಳ್ದಿದೀನಿ ಕಣೇ" ಎಂದಳು ನನಗೆ. "ಆಗ ಒಬ್ರಾದ್ರೂ ಎಂಗಿದೀಯಾ ಅಂದ್ರಾ? ರವಿಕೆ ಯಾವಾಗ ಕೊಡ್ತೀಯಾ ಅಂದ್ರು. ಈಗ ನೋಡಕ್ ಬತ್ತಾವ್ರೆ. ನಾನು ನಡ್ಕಂಡು ಎದುರುಗೆ ಓದ್ರೆ ಅವ್ರಿಗೇನ್ ಕಾಣ್ತದೆ?"

ಅವಳ ಮಾತು ನನಗೆ ಸರಿಯಾಗಿಯೇ ಕಂಡಿತು. ಅಂದಿನಿಂದ ಗೇಟು ಸದ್ದಾದರೆ ಅಕ್ಕ ಮಲಗತೊಡಗಿದಳು. ಕಿಟಕಿಯ ಪಕ್ಕ ಕೂತು, "ಅಕ್ಕ, ಬಂದ್ರು" ಎನ್ನುತ್ತಿದ್ದವಳು ನಾನೇ. ವಾಕರನ್ನು ಬಾಗಿಲ ಹಿಂದೆ ಸೇರಿಸುತ್ತಿದ್ದವಳೂ ನಾನೇ. ಹೊದಿಕೆಯನ್ನು ಎದೆಯವರೆಗೆ ಎಳೆದುಕೊಟ್ಟರೆ ಅಕ್ಕ ಕಣ್ಣು ಅರ್ಧ ಮುಚ್ಚಿ ಮುಖವನ್ನು ಗೋಡೆಯ ಕಡೆಗೆ ಸ್ವಲ್ಪ ತಿರುಗಿಸುತ್ತಿದ್ದಳು. ಅದನ್ನು ನೋಡಿ ನನಗೆ ನಗು ತಡೆಯಲಾಗುತ್ತಿರಲಿಲ್ಲ. ಅಡುಗೆಮನೆಗೆ ಓಡಿ ಕಾಫಿಗೆ ನೀರಿಡುವ ನೆಪದಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆ. ಚಿಕ್ಕವರಿದ್ದಾಗ ಅಮ್ಮನಿಗೆ ಕಾಣದಂತೆ ಏನಾದರೂ ಮಾಡುತ್ತಿದ್ದೆವಲ್ಲ, ಅಂಥದ್ದೇ ಖುಷಿ ಅದು. ಇಷ್ಟು ವರ್ಷಗಳಲ್ಲಿ ಅಕ್ಕನೂ ನಾನೂ ಒಟ್ಟಿಗೆ ಅಷ್ಟು ದಿನ ಇದ್ದದ್ದೂ ಇಲ್ಲ, ಅಷ್ಟು ನಕ್ಕದ್ದೂ ಇಲ್ಲ.

ಜನ ಬಂದರು. ದಂಡಿಗನಹಳ್ಳಿಯಿಂದ ಭಾವನ ತಮ್ಮನ ಮನೆಯವರು ಬಂದರು. ಶ್ರವಣಬೆಳಗೊಳದಿಂದ ಹಳೆಯ ಗಿರಾಕಿಯೊಬ್ಬರು ಬಂದು, ಕ್ಷೇಮ ವಿಚಾರಿಸಿ, ಹೋಗುವಾಗ ಬ್ಯಾಗಿನಿಂದ ಎರಡು ರವಿಕೆ ಬಟ್ಟೆ ತೆಗೆದು, "ಅವಸರ ಇಲ್ಲ, ವಾಸಿಯಾದ್ ಮ್ಯಾಲೆ" ಎಂದು ದಿಂಬಿನ ಪಕ್ಕ ಇಟ್ಟು ಹೋದರು. ಒಂದು ಗುಂಪು ಎದ್ದು ಹೋಗುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ನಡುವೆ ಬಿಡುವಾದಾಗ ನಾನು, "ಏಳಕ್ಕ, ಒಂದು ಸುತ್ತು ಬಾ" ಎಂದರೆ, "ಈಗೆದ್ರೆ ಮತ್ತೆ ಮಲಗ್ಬೇಕು, ಇರ್ಲಿ ಬುಡು" ಎನ್ನುತ್ತಿದ್ದಳು. ಪಾದ ಆಡಿಸುವುದೂ ನಿಂತಿತ್ತು. ಹೊದಿಕೆಯೊಳಗೆ ಕಾಲು ಅಲ್ಲಾಡಿದರೆ ಬಂದವರಿಗೆ ಕಾಣುತ್ತದಲ್ಲ. ಮಾತ್ರೆಗಳನ್ನು ಮಾತ್ರ ನಾನು ಹೊತ್ತು ಹೊತ್ತಿಗೆ ತಪ್ಪದೆ ಕೊಟ್ಟೆ. ಅದೊಂದನ್ನು ಮಾಡುತ್ತಿದ್ದೇನಲ್ಲ ಎಂಬ ಧೈರ್ಯದಲ್ಲೇ ಉಳಿದದ್ದನ್ನು ಬಿಟ್ಟೆನೇನೋ.

ಮನೆಗೆ ಬಂದ ಒಂಬತ್ತನೆಯ ದಿನ ಅಕ್ಕ, "ಮೀನಖಂಡ ಇಡ್ಕಂಡದೆ ಕಣೇ" ಎಂದಳು. ಮುಟ್ಟಿ ನೋಡಿದೆ. ಬಲಗಾಲಿನ ಮೀನಖಂಡ ಬಿಗಿಯಾಗಿತ್ತು, ಸ್ವಲ್ಪ ಬೆಚ್ಚಗಿತ್ತು. ಆಪರೇಷನ್ ಆದ ಕಾಲು ಊದುವುದು ಸಹಜ ಎಂದು ಆಸ್ಪತ್ರೆಯಲ್ಲೇ ಹೇಳಿದ್ದರು. ಆಗ ಮನೆಯಲ್ಲಿ ಅರಕಲಗೂಡಿನ ನಮ್ಮ ದೊಡ್ಡಮ್ಮ ಇದ್ದರು, ಅಮ್ಮನ ಅಕ್ಕ. ಎಂಬತ್ತರ ಹತ್ತಿರ ವಯಸ್ಸು. ಒಂದು ಕಾಲಕ್ಕೆ ಅವರ ಬೀದಿಯ ಬಾಣಂತಿಯರಿಗೆ, ಹಸುಗೂಸುಗಳಿಗೆ ಎಣ್ಣೆ ನೀವಿ ನೀರು ಹಾಕುತ್ತಿದ್ದವರು ಅವರೇ. ಅವರೂ ಮೀನಖಂಡ ಒತ್ತಿ ನೋಡಿದರು.

"ಮಲಗಿ ಮಲಗಿ ನರ ಮಡಚ್ಕಂಡದೆ. ಅಳ್ಳೆಣ್ಣೆ ಬೆಚ್ಚಗೆ ಮಾಡ್ಕಂಬಾ ಮಗ."

ಹರಳೆಣ್ಣೆಯನ್ನು ಸೌಟಿನಲ್ಲಿ ಬಿಸಿ ಮಾಡಿ ತಂದೆ. ದೊಡ್ಡಮ್ಮನ ಬೆರಳುಗಳು ಈಗ ಮಡಚುವುದಿಲ್ಲ. "ನೀನೇ ನೀವು, ನಾನು ಯೋಳ್ತೀನಿ. ಇಮ್ಮಡಿಯಿಂದ ಮ್ಯಾಲಕ್ಕೆ. ಗಟ್ಟಿಯಾಗ್ ಒತ್ತು. ರಕ್ತ ಮ್ಯಾಲಕ್ ಓಗ್ಬೇಕು."

ನಾನು ಹಿಮ್ಮಡಿಯಿಂದ ಮೇಲಕ್ಕೆ ನೀವಿದೆ. ಗಟ್ಟಿಯಾಗಿ ಒತ್ತಿದೆ. ಅಕ್ಕ ಮೊದಲು ಹಲ್ಲು ಕಚ್ಚಿ, ಆಮೇಲೆ ಮೈ ಸಡಿಲ ಬಿಟ್ಟು, "ಆಯಾಯ್ತು ಕಣೇ" ಎಂದಳು. ಮರುದಿನ ಸಂಜೆಯೂ ನೀವಿದೆ.

ವರ್ಷವಾಗುತ್ತ ಬಂತು. ಈಗಲೂ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಿದ್ದಾಗ, ಉತ್ತರಪತ್ರಿಕೆ ತಿದ್ದುತ್ತಿದ್ದಾಗ ನನ್ನ ಹೆಬ್ಬೆರಳುಗಳಿಗೆ ಆ ಮೀನಖಂಡದ ಬಿಗಿ ತಾಗುತ್ತದೆ. ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತೇನೆ.

ಎರಡನೆಯ ಸಲ ನೀವಿದ ಮರುದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬಾಗೂರಿನಿಂದ ದಂಪತಿ ಬಂದರು, ಭಾವನ ಜೊತೆ ಕೆಲಸ ಮಾಡಿದವರು ಮತ್ತು ಅವರ ಹೆಂಡತಿ. ಅಕ್ಕ ಆಪರೇಷನ್ನಿನ ಕತೆ ಹೇಳುತ್ತಿದ್ದಳು. ಅಷ್ಟು ಹೊತ್ತಿಗೆ ಆ ಕತೆ ಅವಳ ಬಾಯಲ್ಲಿ ಚೆನ್ನಾಗಿ ಪಳಗಿತ್ತು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ತಗ್ಗಿಸಬೇಕು ಎಂದು ಗೊತ್ತಿತ್ತು. "ಬೆನ್ನಿಗೆ ಸೂಜಿ ಆಕುದ್ರು. ಸೊಂಟದಿಂದ ಕೆಳಕ್ಕೆ ನಂದೇ ಅಲ್ಲ. ಆಮೇಲೆ ಆ ಡಾಕ್ಟ್ರು..." ಎಂದು ನಿಂತಳು. ಕತೆಯಲ್ಲಿ ಅಲ್ಲಿ ನಿಲ್ಲುವ ಜಾಗವಿರಲಿಲ್ಲ. ಬಾಯಿ ತೆರೆದಿತ್ತು. "ಡಾಕ್ಟ್ರು..." ಎಂದು ಇನ್ನೊಮ್ಮೆ ಉಸಿರೆಳೆದುಕೊಂಡಳು.

"ಏನಾಯ್ತಕ್ಕ?"

"ಎದೆ... ಇಡ್ಕತಾ ಅದೆ."

"ಗ್ಯಾಸು" ಎಂದರು ಬಾಗೂರಿನವರು. "ಮಲಗೇ ಇದ್ರೆ ತುಂಬ್ಕತದೆ."

"ಬೆಳಿಗ್ಗೆ ಅವರೆಕಾಳು ತಿಂದ್ಲು" ಎಂದರು ಭಾವ. ಅವರು ಆಗಲೇ ಚಪ್ಪಲಿ ಮೆಟ್ಟಿ ಸೋಡಾ ತರಲು ಹೊರಟಿದ್ದರು. ದೊಡ್ಡಮ್ಮ ಓಮಿನಕಾಳು ಹುಡುಕಿಕೊಂಡು ಅಡುಗೆಮನೆಗೆ ಹೋದರು. ಬಾಗೂರಿನ ಹೆಂಗಸು ಅಕ್ಕನನ್ನು ಎಬ್ಬಿಸಿ ಕೂರಿಸಿ ಬೆನ್ನು ತಟ್ಟತೊಡಗಿದರು. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಒಂದೊಂದು ಕೆಲಸ ಮಾಡುತ್ತಿದ್ದರು. ಎಬ್ಬಿಸುವಾಗ ಹೊದಿಕೆ ಜಾರಿತು. ಅಕ್ಕನ ಎರಡೂ ಕಾಲು ಅಕ್ಕಪಕ್ಕದಲ್ಲಿ ಕಂಡವು. ಬಲ ಮೀನಖಂಡ ಎಡದ್ದಕ್ಕಿಂತ ಎಷ್ಟೋ ದಪ್ಪವಾಗಿತ್ತು, ಚರ್ಮ ಹೊಳೆಯುತ್ತಿತ್ತು.

ನಾನು ಪ್ರತಿ ವರ್ಷ ಹತ್ತನೆಯ ತರಗತಿಗೆ ಹೃದಯದ ಚಿತ್ರ ಬರೆಯುತ್ತೇನೆ. ನೀಲಿ ಸೀಮೆಸುಣ್ಣದಲ್ಲಿ ಬಾಣ ಹಾಕುತ್ತೇನೆ: ದೇಹದಿಂದ ಬಂದ ರಕ್ತ ಬಲಭಾಗಕ್ಕೆ, ಅಲ್ಲಿಂದ ನೇರವಾಗಿ ಶ್ವಾಸಕೋಶಕ್ಕೆ. ಎಷ್ಟು ಸಲ ಬರೆದಿದ್ದೇನೋ. ಆ ಕಾಲನ್ನು ನೋಡಿದ ಕ್ಷಣ ಆ ನೀಲಿ ಬಾಣ ನೆನಪಾಯಿತು. "ರಕ್ತ ಮ್ಯಾಲಕ್ ಓಗ್ಬೇಕು" ಎಂದಿದ್ದರು ದೊಡ್ಡಮ್ಮ. ಹೆಪ್ಪುಗಟ್ಟಿದ ರಕ್ತವೇ ಹೋಗಿತ್ತು.

ಡಿಸ್ಚಾರ್ಜ್ ಪತ್ರದಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಎತ್ತಿದ ನರ್ಸು ಹೆಚ್ಚು ಕೇಳಲಿಲ್ಲ. "ಉಸಿರು ಸಾಕಾಗ್ತಿಲ್ವಾ? ಮೀನಖಂಡ ಊದಿದೆಯಾ?" ಹೌದು, ಹೌದು ಎಂದೆ. "ಉಜ್ಜಿದ್ರಾ?"

"ಎರಡು ದಿನ" ಎಂದೆ.

"ಇನ್ನು ಮುಟ್ಟಬೇಡಿ. ನಡೆಸಬೇಡಿ. ಆಕ್ಸಿಜನ್ ಇರೋ ಹತ್ತಿರದ ಆಸ್ಪತ್ರೆಗೆ ಈಗಲೇ ಕರ್ಕೊಂಡು ಹೋಗಿ, ಅಲ್ಲಿಂದ ಆಂಬುಲೆನ್ಸಲ್ಲಿ ಇಲ್ಲಿಗೆ ತನ್ನಿ. ನಾನು ಡಾಕ್ಟರಿಗೆ ಹೇಳಿರ್ತೀನಿ."

ಅಕ್ಕನನ್ನು ಕುರ್ಚಿ ಸಮೇತ ಎತ್ತಿಕೊಂಡು ಹೋಗಿ ಬಾಗೂರಿನವರ ಕಾರಿಗೆ ಕೂರಿಸಿದೆವು. ಊರಿನ ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಬೆರಳಿಗೆ ಕ್ಲಿಪ್ಪು ಹಾಕಿ ನೋಡಿ, ಮುಖದಲ್ಲಿ ಏನೂ ತೋರಿಸದೆ ಮಾಸ್ಕು ಕಟ್ಟಿದರು. ಹಾಸನಕ್ಕೆ ಫೋನಿನಲ್ಲಿ ಮಾತಾಡಿ ಒಂದು ಇಂಜೆಕ್ಷನ್ ಕೊಟ್ಟರು. ಆಂಬುಲೆನ್ಸು ಹೊರಟಾಗ ನಾನು ಹಿಂದೆ ಅಕ್ಕನ ತಲೆಯ ಹತ್ತಿರ ಕೂತೆ, ಭಾವ ಮುಂದೆ ಡ್ರೈವರ್ ಪಕ್ಕ.

ಚನ್ನರಾಯಪಟ್ಟಣದಿಂದ ಹಾಸನಕ್ಕೆ ನಾನು ಲೆಕ್ಕವಿಲ್ಲದಷ್ಟು ಸಲ ಹೋಗಿದ್ದೇನೆ. ಅಂದು ಆ ರಸ್ತೆ ಮುಗಿಯಲೇ ಇಲ್ಲ. ಮಾಸ್ಕಿನೊಳಗೆ ಆವಿ ಕಟ್ಟುವುದನ್ನು, ಹೋಗುವುದನ್ನು ನೋಡುತ್ತ ಕೂತಿದ್ದೆ. ಆವಿ ಕಟ್ಟಿದರೆ ಒಂದು ಉಸಿರು. ಮುಂದಿನಿಂದ ಭಾವನ ದನಿ ಒಂದೇ ಸಮನೆ ಕೇಳುತ್ತಿತ್ತು.

"ಮುಂದೆ ಉಬ್ಬು ಅದೆ ನೋಡಪ್ಪಾ, ನಿಧಾನ. ಆ... ಈಗ ಬುಡು. ಎಡಕ್ಕೆ ಲಾರಿ ಅದೆ, ಆರನ್ ಒಡಿ. ಗೇರ್ ಇಳ್ಸು, ಗೇರ್ ಇಳ್ಸು. ಇಂದೆ ಮಲಗಿರೋರ್ಗೆ ಜರ್ಕ್ ಆಗ್ಬಾರ್ದು."

ಡ್ರೈವರ್ ಕೊನೆಗೆ, "ಯಜಮಾನ್ರೇ, ನೀವೇ ಓಡುಸ್ತೀರಾ?" ಎಂದ.

"ಓಡುಸ್ತಿದ್ದೆ ಕಣಪ್ಪ. ಇಂದೆ ಮಲಗಿರೋಳು ನನ್ನೆಂಡ್ರು, ಆಗಲ್ಲ" ಎಂದರು ಭಾವ.

ಶಾಂತಿಗ್ರಾಮದ ಟೋಲ್ ದಾಟಿದೆವು. ಡ್ರೈವರನೇ, "ಯೋಳಿ ಯಜಮಾನ್ರೇ, ಮುಂದೆ ಉಬ್ಬು ಎಲ್ಲದೆ" ಎಂದು ಕೇಳಿದ. ಅವನಿಗೆ ಆ ರಸ್ತೆ ಗೊತ್ತಿರಲಿಲ್ಲವೆಂದು ನಾನು ನಂಬುವುದಿಲ್ಲ.

ಹಾಸನದಲ್ಲಿ ರಕ್ತನಾಳಕ್ಕೆ ಬಣ್ಣದ ದ್ರವ ಬಿಟ್ಟು ಸ್ಕ್ಯಾನ್ ಮಾಡಿದರು. ಕಾಲಿನ ಹೆಪ್ಪಿನ ಚೂರುಗಳು ಎರಡೂ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿದ್ದವು. ದೊಡ್ಡವಲ್ಲ, ಆದರೆ ಇನ್ನೊಂದು ದೊಡ್ಡದು ಬಂದಿದ್ದರೆ ಕಷ್ಟವಿತ್ತು ಎಂದರು. ಮೂರು ದಿನ ಐಸಿಯು. ನಾನು ಹೊರಗಿನ ಕಬ್ಬಿಣದ ಬೆಂಚಿನಲ್ಲಿ ಕೂತು ಒಂದೇ ಪ್ರಶ್ನೆಯನ್ನು ಕಟ್ಟಿಕೊಂಡಿದ್ದೆ. ಡಾಕ್ಟರು ಬಂದಾಗ ಎದ್ದು ನಿಂತು ಕೇಳಿದೆ. "ನಾನು ನೀವಿದ್ದಕ್ಕೆ ಹೀಗಾಯ್ತಾ ಡಾಕ್ಟ್ರೇ?"

ಅವರು ಸುಳ್ಳು ಹೇಳಲಿಲ್ಲ. "ಹೇಳೋಕಾಗಲ್ಲ. ನೀವದೆ ಇದ್ರೂ ಹೆಪ್ಪಿನ ಚೂರು ಮೇಲಕ್ಕೆ ಹೋಗ್ತವೆ, ಮಾತ್ರೆ ತಗೊಂಡ್ರೂ ಕೆಲವರಿಗೆ ಹೆಪ್ಪುಗಟ್ಟುತ್ತೆ. ಆದ್ರೆ ನೀವಬಾರದಿತ್ತು. ಓಡಾಡ್ತಿದ್ರಾ ಇವರು?"

ಗೇಟು, ಹೊದಿಕೆ, ಬಾಗಿಲ ಹಿಂದಿನ ವಾಕರ್ ಎಲ್ಲವನ್ನೂ ಹೇಳಿದೆ. ನಡುವೆ ಎಲ್ಲೋ ಅವರಿಗೆ ನಗು ಬಂತು, ತಡೆದುಕೊಂಡರು. ನನಗೆ ಕೋಪ ಬರಲಿಲ್ಲ. ನಾನೂ ಒಂಬತ್ತು ದಿನ ನಕ್ಕವಳೇ.

ದೊಡ್ಡಮ್ಮನಿಗೆ ಯಾರೂ ಏನೂ ಹೇಳಲಿಲ್ಲ. ಅವರಿಗೆ ಹೇಗೋ ತಿಳಿಯಿತು. ಅಕ್ಕನನ್ನು ವಾರ್ಡಿಗೆ ತಂದ ದಿನ ಬಂದು, ಮಂಚದ ಕಂಬಿ ಹಿಡಿದು ನಿಂತು, ತಮ್ಮ ಸೊಟ್ಟ ಬೆರಳುಗಳನ್ನು ನೋಡಿಕೊಂಡರು. "ಎಷ್ಟ್ ಮಕ್ಕಳ ನೀವಿದೀನೋ. ಒಂದ್ಕೂ ಏನೂ ಆಗ್ಲಿಲ್ವಲ್ಲಾ ಮಗ."

"ನಾನೇನ್ ಮಗೀನಾ ದೊಡ್ಡವ್ವ" ಎಂದಳು ಅಕ್ಕ. ದನಿ ಇನ್ನೂ ಸಣ್ಣದಾಗಿತ್ತು. "ಕೂತ್ಕ. ಮೂಸಂಬಿ ಸುಲ್ಕೊಡು."

ಅವರು ಕೂತು ಸುಲಿದರು. ಬೆರಳು ಬಾಗದೆ ಸಿಪ್ಪೆಯೊಂದಿಗೆ ತಿರುಳೂ ಹೋಗುತ್ತಿತ್ತು, ಉಳಿದದ್ದನ್ನು ಅಕ್ಕ ತಿಂದಳು. ಆಮೇಲೆ ನಾನೂ ಅಕ್ಕನೂ ಇಬ್ಬರೇ ಇದ್ದಾಗ ಅವಳಿಗೆ ಹೇಳಿದೆ, ನಾನು ಓದಿದವಳು, ಗೊತ್ತಿರಬೇಕಾದವಳು ಎಂದು. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಅವಳು ಟವೆಲನ್ನು ನನ್ನ ಕಡೆ ತಳ್ಳಿದಳು.

"ಕಾಲ್ ಚಾಚಿದ್ದು ನಾನಲ್ವಾ? ಮಲಗಿದ್ದೂ ನಾನೇ. ನೀನೊಬ್ಳೇ ಎಲ್ಲಾ ಎತ್ಕಂಡ್ ಓದ್ರೆ ನನ್ಗೇನ್ ಉಳೀತದೆ? ಮೂಗೊರಸ್ಕ, ಯಾರಾದ್ರೂ ಬತ್ತಾರೆ."

ಎರಡನೆಯ ಸಲ ಮನೆಗೆ ಬಂದಾಗ ಮೊದಲಿಗಿಂತ ಹೆಚ್ಚು ಜನ ಬಂದರು. ಈಗ ಸುದ್ದಿ ದೊಡ್ಡದಾಗಿತ್ತು. ಆದರೆ ಅಕ್ಕ ವಾಕರನ್ನು ಹಜಾರದ ನಡುವೆಯೇ ಇಟ್ಟುಕೊಂಡಳು. ಬಂದವರನ್ನು ಗೋಡೆಯ ಉದ್ದಕ್ಕೂ ಹಾಕಿದ ಕುರ್ಚಿಗಳಲ್ಲಿ ಕೂರಿಸಿ, "ನೀವು ಕೂತ್ಕಳಿ, ನಾನು ನಡ್ಕಂಡೇ ಮಾತಾಡ್ತೀನಿ" ಎನ್ನುತ್ತಿದ್ದಳು. ಈ ಗೋಡೆಯಿಂದ ಆ ಗೋಡೆಗೆ ಹೋಗುತ್ತ ಆಂಬುಲೆನ್ಸಿನ ಕತೆ ಹೇಳುತ್ತಿದ್ದಳು. ಕೂತವರ ಕತ್ತುಗಳೆಲ್ಲ ಅತ್ತ ತಿರುಗಿ ಇತ್ತ ತಿರುಗುತ್ತಿದ್ದವು. ಸೋದರತ್ತೆ ಈ ಸಲ ಎರಡು ಬ್ರೆಡ್ಡು ತಂದಿದ್ದರು.

"ಒಂದ್ ಕಡೆ ನಿಂತ್ಕಳೇ, ನನ್ ಕತ್ತು ಉಳುಕ್ತದೆ!"

"ಉಳುಕ್ಲಿ ಬುಡತ್ತೆ. ನಾವೂ ನಿಮ್ಮ ನೋಡಕ್ ಬತ್ತೀವಿ."

ಅತ್ತೆ ಜೋರಾಗಿ ನಕ್ಕು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಹೊರಡುವಾಗ ನನ್ನನ್ನು ಗೇಟಿನವರೆಗೆ ಕರೆದುಕೊಂಡು ಹೋಗಿ, "ನನ್ ಬಾಯಿ ಸರಿಯಿಲ್ಲ ಕಣವ್ವ" ಎಂದಷ್ಟೇ ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದರು.

ರಕ್ತ ತೆಳುವಾಗಿಸುವ ಮಾತ್ರೆಯನ್ನು ಆರು ತಿಂಗಳು ನುಂಗಬೇಕಾಯಿತು. ಟೈಲರಿಗೆ ಅದು ಸುಲಭವಲ್ಲ. ಸೂಜಿ ಚುಚ್ಚಿದರೆ ರಕ್ತ ನಿಲ್ಲಲು ಹೊತ್ತು ಹಿಡಿಯುತ್ತಿತ್ತು. ಬಿಳಿ ಬಟ್ಟೆಯ ಕೆಲಸ ಬಂದರೆ ಒಪ್ಪಿಕೊಳ್ಳುತ್ತಿರಲಿಲ್ಲ. ಮೂರು ತಿಂಗಳಿಗೆ ಮಷಿನ್ ತುಳಿದಳು, ಮೊದಲು ಹತ್ತು ನಿಮಿಷ, ಆಮೇಲೆ ಅರ್ಧ ಗಂಟೆ. ಒಳಮಗ್ಗುಲ ಆ ಹಳೆಯ ನೋವು ಇಲ್ಲ. ಮೆಟ್ಟಿಲು ಹತ್ತುತ್ತಾಳೆ, ಇಳಿಯುತ್ತಾಳೆ. ಮಂಡಿಯೂರಿ ಕೂರಲು ಮಾತ್ರ ಆಗುವುದಿಲ್ಲ, ಲಂಗದ ಅಂಚಿಗೆ ಗುರುತು ಹಾಕುವಾಗ ಗಿರಾಕಿಯನ್ನೇ ಸ್ಟೂಲಿನ ಮೇಲೆ ನಿಲ್ಲಿಸುತ್ತಾಳೆ. ಗಾಯದ ಹೊರಗಡೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಸ್ಪರ್ಶವಿಲ್ಲ. ಏಳುವಾಗ ಒಮ್ಮೊಮ್ಮೆ ಒಳಗೆ ಟಕ್ ಎನ್ನುತ್ತದೆ. ವರ್ಷಕ್ಕೊಮ್ಮೆ ಎಕ್ಸ್-ರೇ ತೆಗೆಸಿ ಹೊರಭಾಗ ಹೇಗಿದೆ ಎಂದು ನೋಡಬೇಕು. "ತೇಪೆ ನಿಂತದೆ" ಎನ್ನುತ್ತಾಳೆ ಕೇಳಿದವರಿಗೆ.

ನಾನು ಶಾಲೆ ಶುರುವಾದ ಮೇಲೆ ಹೃದಯದ ಪಾಠಕ್ಕೆ ಬಂದಾಗ ನೀಲಿ ಸೀಮೆಸುಣ್ಣ ಹಿಡಿದು ಹಲಗೆಯ ಮುಂದೆ ನಿಂತುಬಿಟ್ಟೆ. ಮರೆತಿರಬೇಕೆಂದುಕೊಂಡು ಮುಂದಿನ ಬೆಂಚಿನವರು ಪುಸ್ತಕ ನೋಡಿ ಹೇಳಿಕೊಟ್ಟರು. ಆಮೇಲೆ ಬರೆದೆ. ಪುಸ್ತಕದಲ್ಲಿಲ್ಲದ ಒಂದು ಕಾಲನ್ನೂ ಕೆಳಗೆ ಬರೆದು, ಮೀನಖಂಡದಿಂದ ಬಾಣ ಶುರು ಮಾಡಿದೆ. ಪರೀಕ್ಷೆಗೆ ಬರುವುದಿಲ್ಲ, ಆದರೂ ಕೇಳಿ ಎಂದೆ. ಮಕ್ಕಳು ಕೇಳಿದರು.

ಕಾರ್ತಿಕದಲ್ಲಿ ಡಾಕ್ಟರು ಮತ್ತೆ ಪರೀಕ್ಷೆ ಮಾಡಿ ಮಾತ್ರೆ ನಿಲ್ಲಿಸಿದರು. ಅಕ್ಕ ಖುಷಿಯಿಂದ ಬಿಳಿ ರವಿಕೆಯೊಂದನ್ನು ಒಪ್ಪಿಕೊಂಡಳು. ನನಗೆ ಮಾತ್ರ ಆ ಮಾತ್ರೆಯೇ ಅವಳನ್ನು ಹಿಡಿದಿಟ್ಟಿದೆ ಎಂಬ ಭಾವನೆ. ದಿನಕ್ಕೆರಡು ಸಲ ಹೋಗಿ ಕಾಲು ನೋಡುತ್ತಿದ್ದೆ. ಮುಟ್ಟುತ್ತಿರಲಿಲ್ಲ. ಟೇಪಿನಿಂದ ಎರಡೂ ಮೀನಖಂಡ ಅಳೆಯುತ್ತಿದ್ದೆ, ಅವಳದೇ ಟೇಪು. "ಕಾಲ್ಗೂ ರವಿಕೆ ಒಲೀಬೇಕೇನೇ?" ಎಂದು ಅವಳು ಕಾಲು ಎಳೆದುಕೊಳ್ಳುತ್ತಿದ್ದಳು.

ಹೀಗಿರುವಾಗ ಒಂದು ಭಾನುವಾರ ಹನ್ನೆರಡರ ಹೊತ್ತಿಗೆ ಹೋದರೆ ಮನೆಗೆ ಬೀಗ. ಭಾವ ಅವರ ತಮ್ಮನ ಹೊಲಕ್ಕೆ ದಂಡಿಗನಹಳ್ಳಿಗೆ ಹೋಗಿದ್ದು ನನಗೆ ಗೊತ್ತಿತ್ತು. ಅಕ್ಕ ಎಲ್ಲಿ? ಫೋನ್ ಮಾಡಿದೆ. ರಿಂಗಾಗಿ ನಿಂತಿತು. ಮತ್ತೆ ಮಾಡಿದೆ. ಎದುರು ಮನೆಯವರನ್ನು ಕೇಳಿದೆ, ಬೆಳಿಗ್ಗೆ ರೇಷ್ಮೆ ಸೀರೆ ಉಟ್ಟು ಹೋದರು ಎಂದರು. ಕಿಟಕಿಯಿಂದ ಒಳಗೆ ನೋಡಿದೆ, ಮಂಚ ಖಾಲಿ. ಎಲ್ಲಾದರೂ ಬಸ್ಸಿನಲ್ಲಿ ಎರಡು ಗಂಟೆ ಕಾಲು ಇಳಿಬಿಟ್ಟು ಕೂತು, ಇಳಿದು, ಮಾತಾಡುತ್ತ ಮಾತಿನ ನಡುವೆ ನಿಂತುಬಿಟ್ಟಿದ್ದರೆ? ಸುತ್ತಲಿನವರು ಗ್ಯಾಸು ಎನ್ನುತ್ತಿದ್ದರೆ? ಏಳನೆಯ ಸಲಕ್ಕೆ ಫೋನು ಎತ್ತಿದಳು. ಅತ್ತ ಕಡೆ ವಾಲಗ, ಗದ್ದಲ.

"ಅಕ್ಕ? ಎಲ್ಲಿದ್ದೀಯಾ? ಉಸಿರು ಸರಿಯಾಗಿದೆಯಾ?"

"ಅರಕಲಗೂಡಲ್ಲಿ, ಮದ್ವೇಲಿ! ನಾನೇ ಒಲ್ದಿರೋ ರವಿಕೆ ಕಣೇ ಎಣ್ಣಿಂದು, ಎಂಗೆ ಕೂತದೆ ನೋಡ್ಬೇಕಿತ್ತು, ನಿನ್ಗೆ ಯೋಳುದ್ರೆ ಬುಡ್ತಿರ್ಲಿಲ್ಲ ಅಂತ ಯೋಳ್ದೆ ಬಂದೆ, ಬಸ್ಸಲ್ಲಿ ನಡುವೆ ಎದ್ದೆದ್ದು ನಿಂತ್ಕಂಡೆ, ಕಂಡಕ್ಟ್ರು ಬೈದ, ಅವ್ನಿಗೆ ಮಂಡಿ ಕತೆ ಯೋಳ್ದೆ, ಪಾಪ ಅವ್ರಮ್ಮುಂಗೂ ಮಂಡಿ ನೋವಂತೆ..."

ಒಂದೇ ಉಸಿರಿನಲ್ಲಿ ಹೇಳುತ್ತಿದ್ದಳು. ನಾನು ಅಂಗಡಿಯ ಮೆಟ್ಟಿಲ ಮೇಲೆ ಕೂತೆ.

"ಅಕ್ಕ, ನಿಧಾನ. ಕಾಲು ಊದಿದೆಯಾ ನೋಡ್ಕೊ."

"ಪಂಕ್ತೀಲಿ ಕೂತಿದೀನಿ, ಸೀರೆ ಎತ್ತಿ ಕಾಲ್ ನೋಡ್ಕಳ್ಳಾ? ಪಕ್ಕದಲ್ ಅತ್ತೆ ಅವ್ರೆ, ಕೊಡ್ತೀನಿ, ಅವ್ರನ್ನೇ ಕೇಳು. ಬ್ಯಾಡ ಬ್ಯಾಡ, ಒಬ್ಬಟ್ಟು ಬತ್ತಾ ಅದೆ. ನಾನು ಚೆನ್ನಾಗಿದೀನಿ. ಉಂಡಿದೀಯಾ ನೀನು?"

"ಇಲ್ಲ."

"ಮದ್ಲು ಓಗಿ ಉಣ್ಣು" ಎಂದು ಫೋನ್ ಇಟ್ಟಳು.

ನಾನು ಎದ್ದು ಸೀರೆ ಕೊಡವಿಕೊಂಡು ಊಟಕ್ಕೆ ಮನೆಗೆ ಹೋದೆ.